ಅವಳಿ ಮೋಡದ ಕಾರ್ಡು

ಶಾಝಿಯಾ ಮೊದಲು ನೋಡಿದ್ದು ಒಂದು ಮೀನನ್ನು.

ಸುರತ್ಕಲ್‌ನಲ್ಲಿ ಗೆಳತಿಯರ ರೂಮು. ಶನಿವಾರ ಮಧ್ಯಾಹ್ನ. ನಾಲ್ವರು ನೆಲದ ಮೇಲೆ ಕೂತು ಆನ್‌ಲೈನ್‌ನಲ್ಲಿ ತರಿಸಿದ ಹೊಸ ಕಾರ್ಡಿನ ಆಟ ಬಿಚ್ಚಿದ್ದರು. ಪೆಟ್ಟಿಗೆಯ ಮೇಲೆ 'ಹಾರ್ಬರ್ ರಾಜ' ಎಂದಿತ್ತು. ಪುಣೆಯ ಕಂಪೆನಿಯದ್ದು. ಅವಳ ಪಾಲಿಗೆ ಬಂದ ಮೊದಲ ಕಾರ್ಡಿನಲ್ಲಿ ಒಂದು ಮಾಂಜಿ ಮೀನು. ಬೆಳ್ಳಿಯಂತಹ ಮೈ. ಬಾಲದ ಹತ್ತಿರ ಮೆಹಂದಿ ಬಳ್ಳಿಯ ಸುರುಳಿ.

ಆ ಸುರುಳಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಹಬ್ಬಕ್ಕೂ ಅವಳ ಅಂಗೈಯಲ್ಲಿ ಅದನ್ನು ಬಿಡಿಸುತ್ತಿದ್ದವರು ಅವಳ ತಾಯಿ ಮೈಮೂನಾ.

ಕಾರ್ಡುಗಳನ್ನೆಲ್ಲ ನೆಲದ ಮೇಲೆ ಹರಡಿದಳು. ಬೂತಾಯಿ, ಬಂಗುಡೆ, ದೋಣಿ, ಬುಟ್ಟಿ ಹೊತ್ತ ಹೆಂಗಸು. ಬಣ್ಣ ಸ್ವಲ್ಪ ಬದಲಾಗಿತ್ತು. ಗೆರೆ ಬದಲಾಗಿರಲಿಲ್ಲ. ಪೆಟ್ಟಿಗೆ ತಿರುಗಿಸಿದಳು. 'ಚಿತ್ರಗಳು: ನಮ್ಮ ಸ್ಟುಡಿಯೋ' ಎಂದು ಅಚ್ಚಾಗಿತ್ತು. ತಾಯಿಯ ಹೆಸರು ಎಲ್ಲಿಯೂ ಇರಲಿಲ್ಲ.

"ಈ ಆಟ ನನಗೆ ಎರಡು ದಿನಕ್ಕೆ ಬೇಕು" ಎಂದಳು ಶಾಝಿಯಾ. "ಆಡ್ಲಿಕ್ಕಲ್ಲ."

*

ಮೈಮೂನಾರಿಗೆ ಐವತ್ತೆರಡು ವರ್ಷ. ಕುದ್ರೋಳಿಯ ಮನೆಯಲ್ಲಿ ಇಪ್ಪತ್ತು ವರ್ಷ ಮದುವಣಗಿತ್ತಿಯರ ಕೈಗೆ ಮೆಹಂದಿ ಇಟ್ಟವರು. ಬಟ್ಟೆಗೆ ಕಸೂತಿ ನಮೂನೆ ಬರೆದುಕೊಟ್ಟವರು. ಕೈಯ ಮೆಹಂದಿ ವಾರದಲ್ಲಿ ಮಾಸುತ್ತದೆ. ಕಸೂತಿಯ ಮೇಲೆ ಯಾರೂ ಹೆಸರು ಹಾಕುವುದಿಲ್ಲ. ಕಳೆದ ವರ್ಷ ಕೊಟ್ಟಾರದ ದೀಪೇಶ್ 'ದಕ್ಕೆ' ಎಂಬ ಆಟಕ್ಕೆ ಐವತ್ತನಾಲ್ಕು ಚಿತ್ರ ಬರೆಸಿದ. ದಕ್ಕೆ ಅಂದರೆ ಮೀನಿನ ಬಂದರು; ಮೀನು ಹರಾಜಿನ ಆಟ. ಪೆಟ್ಟಿಗೆಯ ಮೇಲೆ 'ಚಿತ್ರಗಳು: ಮೈಮೂನಾ, ಕುದ್ರೋಳಿ' ಎಂದು ಅಚ್ಚಾಯಿತು. ಆ ಪೆಟ್ಟಿಗೆಯನ್ನು ಅವರು ಬಂದವರಿಗೆಲ್ಲ ತೋರಿಸಿದ್ದರು.

ಸೋಮವಾರ ಬೆಳಿಗ್ಗೆ ತಾಯಿ ಮಗಳು ದೀಪೇಶನ ಆಫೀಸಿಗೆ ಹೋದರು. 'ಅಳಿವೆ ಗೇಮ್ಸ್' ಎಂದರೆ ಎರಡು ಕೋಣೆ, ಒಂದು ಕಂಪ್ಯೂಟರ್, ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ದೀಪೇಶ್ ಹಾರ್ಬರ್ ರಾಜದ ಕಾರ್ಡುಗಳನ್ನು ನಿಧಾನವಾಗಿ ತಿರುವಿ ಹಾಕಿದ. ಆಮೇಲೆ ಮೈಮೂನಾರ ಮುಖ ನೋಡಿದ.

"ಮೂಲ ಚಿತ್ರ ಎಲ್ಲ ಇರುವುದು ನಿಮ್ಮ ಕಪಾಟಿನಲ್ಲಿ ಅಲ್ವಾ ಮೈಮೂನಕ್ಕ?"

"ಹೌದು."

"ನನ್ನ ಕಡೆಯಿಂದ ಫೈಲ್ ಹೊರಗೆ ಹೋಗಿಲ್ಲ. ಹಾಗಾದ್ರೆ ಫೋಟೋ ತೆಗೆದು ಪುಣೆಗೆ ಕೊಟ್ಟದ್ದು ಯಾರು?"

ಮೈಮೂನಾರಿಗೆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ "ನಾನು ಕೊಟ್ಟದ್ದಲ್ಲ" ಎಂದರು.

"ಎರಡನೇ ಮುದ್ರಣಕ್ಕೆ ಬೇರೆಯವರ ಹತ್ರ ಬರೆಸ್ತೇನೆ" ಎಂದ ದೀಪೇಶ್. "ನಿಮ್ಮ ಹೆಸರು ತೆಗಿಬೇಕಾಗ್ತದೆ. ವಕೀಲರ ನೋಟಿಸ್ ಬಂದ್ರೆ ಬೇಸರ ಮಾಡ್ಬೇಡಿ."

*

ಅಲ್ಲಿಂದ ಅವರು ಮನೆಗೆ ಹೋಗಲಿಲ್ಲ. ಉರ್ವದಲ್ಲಿ ರಿಕ್ಷಾ ಇಳಿದು ಎಲ್ರೊಯ್ ಅವರ ಬಾಗಿಲು ತಟ್ಟಿದರು.

ಎಲ್ರೊಯ್ ಮೂವತ್ತೆಂಟು ವರ್ಷ ಆಫ್‌ಸೆಟ್ ಪ್ರೆಸ್ಸಿನಲ್ಲಿ ಬಣ್ಣ ನೋಡುವ ಕೆಲಸ ಮಾಡಿದವರು. 'ದಕ್ಕೆ' ಅಚ್ಚಾಗಿದ್ದು ಅವರ ಕಣ್ಣೆದುರು. ನಿವೃತ್ತಿಗೆ ಮೊದಲಿನ ಕೊನೆಯ ಕೆಲಸ ಅದು. ಮೊದಲ ಹಾಳೆ ಮಷಿನ್‌ನಿಂದ ಹೊರಬಂದಾಗ ಮೈಮೂನಾರನ್ನು ಕರೆದು, ಇದು ನಿಮಗೆ ಎಂದು ಸುರುಳಿ ಸುತ್ತಿ ಕೊಟ್ಟಿದ್ದರು. ಅವರಿಗೆ ಎರಡು ತಿಂಗಳ ಹಿಂದೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಈಗ ಕಂಡದ್ದನ್ನೆಲ್ಲ ಎರಡೆರಡು ಸಲ ನೋಡುವ ಅಭ್ಯಾಸ.

ಶಾಝಿಯಾ ನಡೆದದ್ದನ್ನೆಲ್ಲ ಹೇಳಿದಳು. ಎಲ್ರೊಯ್ ಎರಡೂ ಪೆಟ್ಟಿಗೆಗಳನ್ನು ಕಿಟಕಿಯ ಬೆಳಕಿಗೆ ಒಯ್ದರು. ಭೂತಗನ್ನಡಿ ತಂದರು. ಅರ್ಧ ಗಂಟೆ ಒಂದೊಂದೇ ಕಾರ್ಡನ್ನು ಹೋಲಿಸಿದರು.

"ಅಚ್ಚಾದ ಕಾರ್ಡನ್ನು ಸ್ಕ್ಯಾನ್ ಮಾಡಿ ಕದ್ದದ್ದಲ್ಲ" ಎಂದರು ಕೊನೆಗೆ.

"ಹೇಗೆ ಗೊತ್ತಾಯ್ತು ಸರ್?" ಶಾಝಿಯಾ ಕೇಳಿದಳು.

"ಅಚ್ಚಾದ ಚಿತ್ರ ಅಂದ್ರೆ ಬರೀ ಚುಕ್ಕಿಗಳು. ಅದನ್ನು ಪುನಃ ಅಚ್ಚು ಹಾಕಿದ್ರೆ ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಜಾಳಿಗೆಯ ಹಾಗೆ ಕಾಣ್ತದೆ. ಇಲ್ಲಿ ಹಾಗಿಲ್ಲ. ಇನ್ನೊಂದು ಉಂಟು. ಈ ದೋಣಿ ನೋಡು. ನಮ್ಮ ಕಾರ್ಡಿನಲ್ಲಿ ಬಲಗಡೆಯ ಮೋಡ ಅರ್ಧಕ್ಕೆ ತುಂಡಾಗಿದೆ. ಅವರದ್ದರಲ್ಲಿ ಇಡೀ ಮೋಡ ಉಂಟು. ನಮ್ಮದಕ್ಕಿಂತ ಒಂದು ಬೆರಳು ಅಗಲ ಜಾಸ್ತಿ. ಇಲ್ಲದ ಮೋಡವನ್ನು ಅಚ್ಚಾದ ಕಾರ್ಡಿನಿಂದ ಹೇಗೆ ತೆಗಿಯುವುದು?"

ಮೈಮೂನಾರ ಮುಖ ಇನ್ನಷ್ಟು ಬಾಡಿತು. "ಅಂದ್ರೆ ಪೂರ್ತಿ ಚಿತ್ರ ಇದ್ದವರೇ ಕೊಟ್ಟದ್ದು. ಅದು ನಾನೇ ಅಂತ ಆಯ್ತಲ್ಲ."

"ಮೂಲ ಚಿತ್ರ ತೋರಿಸಿ. ಆಮೇಲೆ ಹೇಳ್ತೇನೆ."

ಸಂಜೆ ಕುದ್ರೋಳಿಯ ಮನೆಯಲ್ಲಿ ಮೈಮೂನಾ ಕಪಾಟು ತೆರೆದರು. ಐವತ್ತನಾಲ್ಕೂ ಇದ್ದವು. ಎಲ್ರೊಯ್ ದೋಣಿಯ ಚಿತ್ರವನ್ನಷ್ಟೇ ಎತ್ತಿಕೊಂಡರು. ಎಡಗಡೆ ಒಂದು ಮೋಡ. ಬಲಗಡೆ ಬರೀ ಆಕಾಶ. ಆ ಆಕಾಶದಲ್ಲಿ ಉಗುರಿನಷ್ಟು ದೊಡ್ಡ ಕಂದು ಕಲೆ.

"ಮೆಹಂದಿ" ಎಂದರು ಮೈಮೂನಾ ನಾಚಿಕೆಯಿಂದ. "ಕೈಯಿಂದ ಬಿದ್ದದ್ದು. ಹೇಳ್ಲಿಕ್ಕೆ ಧೈರ್ಯ ಆಗಲಿಲ್ಲ."

ಎಲ್ರೊಯ್ ಆ ಕಲೆಯನ್ನೇ ನೋಡುತ್ತಾ ನಿಂತರು. "ಇದನ್ನು ಎರಡು ದಿನ ನನ್ನ ಹತ್ರ ಇಟ್ಟುಕೊಳ್ಳಲಾ?"

*

ಮಂಗಳವಾರ ಅವರು ಒಬ್ಬರೇ ಕೊಟ್ಟಾರಕ್ಕೆ ಹೋದರು. ದೀಪೇಶ್ ಎದ್ದು ನಿಂತು ಕುರ್ಚಿ ಕೊಟ್ಟ.

"ಮೈಮೂನಕ್ಕ ಕಳಿಸಿದ್ದಾ ಸರ್?"

"ಬೇಸರದಲ್ಲಿದ್ದಾರೆ. ಏನಾಯ್ತು ಅಂತ ನೋಡುವ ಅಂತ ಬಂದೆ." ಎಲ್ರೊಯ್ ಮೂಲ ಚಿತ್ರವನ್ನೂ 'ದಕ್ಕೆ'ಯ ಕಾರ್ಡನ್ನೂ ಮೇಜಿನ ಮೇಲಿಟ್ಟರು. "ಇಲ್ಲಿ ಒಂದು ಕಲೆ ಉಂಟು. ಕಾರ್ಡಿನಲ್ಲಿ ಇಲ್ಲ. ಒಳ್ಳೆ ಕೆಲಸ. ಯಾರು ತೆಗೆದದ್ದು?"

ದೀಪೇಶನ ಮುಖ ಅರಳಿತು. "ನಾನೇ ಸರ್. ನಮ್ಮ ಡಿಸೈನರ್ ಮುಖೇಶ್ ಸ್ಕ್ಯಾನ್ ಮಾಡಿ ಪೇಜ್ ಮಾಡುವಾಗ ಗಮನಿಸಲೇ ಇಲ್ಲ. ಪ್ರೆಸ್ಸಿಗೆ ಕಳಿಸುವ ದಿನ ಬೆಳಿಗ್ಗೆ ನನ್ನ ಕಣ್ಣಿಗೆ ಬಿತ್ತು. ಆಚೆಯ ಮೋಡ ಕಾಪಿ ಮಾಡಿ ಕಲೆಯ ಮೇಲೆ ಕೂರಿಸಿದೆ."

"ಮುಖೇಶಿಗೆ ವಾಪಸ್ ಕಳಿಸಲಿಲ್ಲವಾ?"

"ಎಂತಕ್ಕೆ? ಅವನ ಕೆಲಸ ಮುಗಿದಿತ್ತು. ಅಂಚನ್ನು ಇಲ್ಲೇ ಕಾರ್ಡಿನ ಅಳತೆಗೆ ಕಟ್ ಮಾಡಿ ಪ್ರೆಸ್ಸಿಗೆ ಕಳಿಸಿದೆ." ದೀಪೇಶ್ ದನಿ ತಗ್ಗಿಸಿದ. "ಒಂದು ಮಾತು ಸರ್. ಮೈಮೂನಕ್ಕ ಅಲ್ಲದಿದ್ರೆ ಮುಖೇಶನನ್ನು ಕೇಳಿ. ಅವನು ಆ ಪುಣೆಯವರಿಗೇ ಈಗ ಕೆಲಸ ಮಾಡುವುದು. ನನಗೆ ಹೇಳಲೇ ಇಲ್ಲ."

*

ಮುಖೇಶ್ ಇದ್ದದ್ದು ಸುರತ್ಕಲ್‌ನ ಒಂದು ಬಾಡಿಗೆ ಮನೆಯಲ್ಲಿ. ಅದೇ ಸಂಜೆ ಅಲ್ಲಿಗೆ ಹೋದ ಎಲ್ರೊಯ್ ಬಾಯಲ್ಲಿ ಪುಣೆಯ ಹೆಸರು ಕೇಳಿದ್ದೇ ಅವನ ಮುಖ ಬಿಳುಚಿತು.

"ಮಾಡಿದ್ದೇನೆ ಸರ್. ಅವರ ಬೇರೆ ಆಟದ ನಿಯಮದ ಪುಸ್ತಕ. ದೀಪೇಶಣ್ಣನಿಗೆ ಗೊತ್ತಾದ್ರೆ ಕೆಲಸ ಕೊಡ್ಲಿಕ್ಕಿಲ್ಲ ಅಂತ ಹೇಳ್ಲಿಲ್ಲ."

"ಅವರ ಪರಿಚಯ ಹೇಗೆ?"

"ಪುಣೆ ಕಂಪೆನಿಯ ಒಬ್ಬರು ಮೇಡಂ, ದೀಪೇಶಣ್ಣನ ಹತ್ರ ಮಾತಾಡ್ತಿದ್ದವರು. ಅವರೇ ನನಗೆ ಫೋನ್ ಮಾಡಿದ್ದು."

"ದೀಪೇಶಿಗೆ ಅವರ ಪರಿಚಯ ಉಂಟಾ?" ಎಲ್ರೊಯ್ ಕೇಳಿದರು.

"ಉಂಟು ಸರ್. ಕಳೆದ ವರ್ಷ ಆಟದ ಮೇಳದಲ್ಲಿ ಸಿಕ್ಕಿದ್ದಂತೆ."

ದೀಪೇಶ್ ಆ ಪರಿಚಯದ ಸುದ್ದಿ ಎತ್ತಿರಲಿಲ್ಲ. ಎಲ್ರೊಯ್ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡರು.

"ದೋಣಿಯ ಫೈಲ್ ತೆಗಿ. ನೀನು ಕೊನೆಗೆ ದೀಪೇಶಿಗೆ ಕೊಟ್ಟದ್ದು."

ಮುಖೇಶ್ ಲ್ಯಾಪ್‌ಟಾಪ್ ತೆರೆದ. ಪರದೆಯ ಮೇಲೆ ದೋಣಿ ಬಂತು. ಎಡಗಡೆ ಮೋಡ. ಬಲಗಡೆ ಆಕಾಶದಲ್ಲಿ ಕಂದು ಕಲೆ ಹಾಗೆಯೇ ಇತ್ತು.

"ಛೆ, ಇದು ನನ್ನ ಕಣ್ಣಿಗೇ ಬೀಳಲಿಲ್ಲ" ಎಂದು ಮುಖೇಶ್ ತಲೆ ಕೆರೆದುಕೊಂಡ. "ದೊಡ್ಡ ತಪ್ಪಾಯ್ತು ಸರ್."

"ನಿನ್ನ ತಪ್ಪಿನಿಂದ ಒಬ್ಬರ ಮರ್ಯಾದೆ ಉಳಿಯಿತು ಮಾರಾಯ. ನಾಳೆ ಹತ್ತು ಗಂಟೆಗೆ ಕೊಟ್ಟಾರಕ್ಕೆ ಬಾ. ಲ್ಯಾಪ್‌ಟಾಪ್ ತಾ. ಆ ಮೇಡಂಗೆ ಒಂದು ಮೆಸೇಜ್ ಹಾಕು. ಚಿತ್ರಗಳ ಹಕ್ಕು ಯಾರು ಬರೆದುಕೊಟ್ಟದ್ದು ಅಂತ ಕೇಳು."

*

ಬುಧವಾರ ಹತ್ತು ಗಂಟೆ. ದೀಪೇಶನ ಮೇಜಿನ ಸುತ್ತ ಐದು ಮಂದಿ. ಮೈಮೂನಾ ಮಗಳ ಕೈ ಹಿಡಿದು ಕೂತಿದ್ದರು. ಮುಖೇಶ್ ಬಾಗಿಲ ಹತ್ತಿರ. ಎಲ್ರೊಯ್ ದೋಣಿಯ ನಾಲ್ಕು ಚಿತ್ರ ಸಾಲಾಗಿ ಇಟ್ಟರು. ಮೂಲ ಚಿತ್ರ, ಮುಖೇಶನ ಲ್ಯಾಪ್‌ಟಾಪ್, 'ದಕ್ಕೆ'ಯ ಕಾರ್ಡು, ಹಾರ್ಬರ್ ರಾಜದ ಕಾರ್ಡು.

"ಹಾರ್ಬರ್ ರಾಜದ ಎರಡು ಮೋಡ ನೋಡಿ. ಒಂದೇ ಅಚ್ಚು. ತುದಿಯ ಬಾಗು, ಅಡಿಯ ನೆರಳು, ಎಲ್ಲ ಒಂದೇ. ಕೈಯಲ್ಲಿ ಬರೆದ ಎರಡು ಮೋಡ ಹೀಗೆ ಇರ್ಲಿಕ್ಕೆ ಸಾಧ್ಯ ಇಲ್ಲ. ಇದು ಕಾಪಿ ಮಾಡಿ ಕೂರಿಸಿದ ಮೋಡ."

ದೀಪೇಶ್ ಮುಂದೆ ಬಾಗಿದ.

"ಮೈಮೂನಾರ ಮೂಲ ಚಿತ್ರದಲ್ಲಿ ಈ ಎರಡನೇ ಮೋಡವೇ ಇಲ್ಲ. ಕಲೆ ಉಂಟು. ಅದರ ಫೋಟೋ ಪುಣೆಗೆ ಹೋಗಿದ್ರೆ ಅಲ್ಲಿಗೆ ತಲುಪುತ್ತಿದ್ದದ್ದು ಕಲೆ, ಮೋಡ ಅಲ್ಲ."

"ಪುಣೆಯವರೇ ಕಲೆ ಮುಚ್ಚಿರಬಹುದಲ್ಲ" ಎಂದ ದೀಪೇಶ್.

"ಮುಚ್ಚಬಹುದು. ಆದ್ರೆ 'ದಕ್ಕೆ'ಯ ಕಾರ್ಡಿನಲ್ಲಿ ಇರುವ ಅರ್ಧ ಮೋಡ ಇದ್ರ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಕೂರ್ತದೆ. ಅದೇ ಜಾಗ, ಅದೇ ಓರೆ. ಬೇರೆ ಬೇರೆ ಊರಿನ ಇಬ್ಬರು ಮಾಡಿದ್ದಲ್ಲ. ಒಬ್ಬನೇ ಮಾಡಿದ್ದು. ಇನ್ನು ಮುಖೇಶ್. ಅವನ ಫೈಲಿನಲ್ಲಿ ಕಲೆ ಈಗಲೂ ಉಂಟು. ಅವನ ಹತ್ರ ಆ ಮೋಡ ಯಾವತ್ತೂ ಇರಲಿಲ್ಲ."

"ಪ್ರೆಸ್ಸಿನವರು?" ದೀಪೇಶ್ ಕೇಳಿದ.

"ಪ್ರೆಸ್ಸಿಗೆ ಬಂದ ಫೈಲನ್ನು ನೋಡಿದ್ದು ನಾನು. ಅಂಚು ಕಟ್ ಆಗಿ ಬಂದಿತ್ತು. ಮೋಡ ಅರ್ಧವೇ ಇತ್ತು." ಎಲ್ರೊಯ್ ಹಾರ್ಬರ್ ರಾಜದ ಕಾರ್ಡನ್ನು ಅವನ ಮುಂದೆ ತಳ್ಳಿದರು. "ಇಡೀ ಅಗಲ, ಇಡೀ ಮೋಡ. ಹಾಗಿರುವ ಫೈಲ್ ಲೋಕದಲ್ಲಿ ಒಂದೇ ಕಡೆ ಇತ್ತು. ಈ ಕಂಪ್ಯೂಟರಿನಲ್ಲಿ. ಮೋಡ ಕೂರಿಸಿದ್ದು ನಾನೇ ಅಂತ ನಿನ್ನೆ ನೀವೇ ಹೇಳಿದ್ದು."

ಹೊರಗೆ ಹೆದ್ದಾರಿಯಲ್ಲಿ ಬಸ್ಸೊಂದು ಹಾರ್ನ್ ಹಾಕುತ್ತಾ ಹೋಯಿತು. ಮುಖೇಶನ ಫೋನು ಸದ್ದು ಮಾಡಿತು. ಅವನು ಓದಿ, ಫೋನನ್ನು ಎಲ್ರೊಯ್ ಕೈಗೆ ಕೊಟ್ಟ. ಪುಣೆಯ ಮೇಡಂ ಒಪ್ಪಂದದ ಕೊನೆಯ ಪುಟ ಕಳಿಸಿದ್ದರು. 'ಈ ಎಲ್ಲ ಚಿತ್ರಗಳ ಹಕ್ಕುದಾರ ನಾನೇ' ಎಂಬ ಸಾಲಿನ ಕೆಳಗೆ ದೀಪೇಶನ ಸಹಿ.

ದೀಪೇಶ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

"ಅವರು ನನ್ನ ಮುಂದಿನ ಆಟ ದೇಶ ಇಡೀ ಮಾರ್ತೇವೆ ಅಂದ್ರು. ಅದಕ್ಕೆ ಮೊದಲು ಈ ಚಿತ್ರಗಳು ಬೇಕು ಅಂದ್ರು. ಬಣ್ಣ ಬದಲಾಯಿಸ್ತಾರೆ, ಇಲ್ಲಿ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ ಅಂತ ಎಣಿಸಿದೆ."

"ನನ್ನ ಹತ್ರ ಕೇಳಿದ್ರೆ ಕೊಡ್ತಿದ್ದೆ" ಎಂದರು ಮೈಮೂನಾ. ಅವರ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. "ಹೆಸರು ಹಾಕಿ ಅಂತ ಮಾತ್ರ ಹೇಳ್ತಿದ್ದೆ. ನೀವು ನನ್ನನ್ನು ಕಳ್ಳಿ ಮಾಡಿದ್ರಿ."

ಶಾಝಿಯಾ ಚೀಲದಿಂದ ತಾಯಿಯ ಒಪ್ಪಂದದ ಪ್ರತಿ ತೆಗೆದು ಮೇಜಿನ ಮೇಲಿಟ್ಟಳು.

"ಒಪ್ಪಂದದಲ್ಲಿ 'ದಕ್ಕೆ' ಆಟಕ್ಕೆ ಮಾತ್ರ ಅಂತ ಉಂಟು" ಎಂದಳು ಶಾಝಿಯಾ. "ಚಿತ್ರಗಳ ಹಕ್ಕು ಉಮ್ಮನದ್ದೇ. ನಾವು ಸ್ಟೇಷನ್ನಿಗೆ ಹೋಗ್ತೇವೆ."

ಮೈಮೂನಾ ಎದ್ದರು. "ಹೌದು. ಹೋಗುವ."

*

ದೂರು ದಾಖಲಾಯಿತು. ದೀಪೇಶ್ ತಪ್ಪೊಪ್ಪಿಗೆ ಬರೆದುಕೊಟ್ಟ. ಕೇಸು ನಡೆಯುತ್ತಲೇ ಇದೆ. ಪುಣೆಯವರು ಮಾರಾಟ ನಿಲ್ಲಿಸಿದರು. ಕ್ಷಮೆ ಕೇಳಿ ಮೈಮೂನಾರಿಗೆ ಪತ್ರ ಬರೆದರು. ಅವರ ಜೊತೆಗೇ ಹೊಸ ಒಪ್ಪಂದ ಮಾಡಿ, ಅವರ ಹೆಸರು ಹಾಕಿದ ಪೆಟ್ಟಿಗೆ ಅಚ್ಚು ಹಾಕಿದರು. ಅದರ ಮೊದಲ ಪ್ರತಿ ಬಂದ ದಿನ ಮೈಮೂನಾ ಒಂದು ಡಬ್ಬ ತುಂಬ ಮೀನು ಪತ್ತಿರ್, ಅಂದರೆ ಮೀನು ತುಂಬಿದ ಅಕ್ಕಿ ರೊಟ್ಟಿ, ಮಾಡಿಕೊಂಡು ಉರ್ವಕ್ಕೆ ಹೋದರು. ಮುಖೇಶನೂ ಜೊತೆಗಿದ್ದ.

"ನಿಮ್ಮ ಋಣ ಹೇಗೆ ತೀರಿಸುವುದು ಸರ್" ಎಂದರು ಮೈಮೂನಾ. "ಆ ದಿನ ನೀವು ಬಾಗಿಲು ತೆಗಿಯದಿದ್ರೆ ನಾನು ಪುನಃ ಬ್ರಷ್ ಮುಟ್ತಿರಲಿಲ್ಲ."

ಎಲ್ರೊಯ್ ಪತ್ತಿರ್ ಮುರಿಯುತ್ತಾ ನಕ್ಕರು. "ನಾನೇ ಹೇಳ್ಬೇಕು ಥ್ಯಾಂಕ್ಸ್. ಆಪರೇಷನ್ ಮಾಡಿಸುವಾಗ ಮಗಳು ಕೇಳಿದ್ದಳು, ರಿಟೈರ್ ಆದವರಿಗೆ ಇಷ್ಟು ಒಳ್ಳೆ ಕಣ್ಣು ಎಂತಕ್ಕೆ ಅಪ್ಪಾ ಅಂತ. ತಮಾಷೆಗೆ. ನನಗೂ ಉತ್ತರ ಗೊತ್ತಿರಲಿಲ್ಲ."

ಮುಖೇಶ್ ಚೀಲದಿಂದ ಒಂದು ಹಾಳೆ ತೆಗೆದ. ಅವನೂ ಮೈಮೂನಾರೂ ಸೇರಿ ಹೊಸ ಆಟವೊಂದನ್ನು ತರುತ್ತಿದ್ದರು. ಅದರ ಪೆಟ್ಟಿಗೆಯ ಹಿಂಭಾಗದ ನಕಲು ಅದು.

"ಬಣ್ಣ ನೋಡಿ ಹೇಳಿ ಸರ್. ಅಕ್ಷರ ಸರಿ ಉಂಟಾ ಅಂತಲೂ."

ಎಲ್ರೊಯ್ ಹಾಳೆಯನ್ನು ಬೆಳಕಿಗೆ ಹಿಡಿದರು. ಮೊದಲ ಸಾಲು, ಆಟ: ಮುಖೇಶ್. ಎರಡನೆಯದು, ಚಿತ್ರಗಳು: ಮೈಮೂನಾ. ಮೂರನೆಯ ಸಾಲಿಗೆ ಬಂದಾಗ ಅವರು ಓದು ನಿಲ್ಲಿಸಿದರು. ಪುನಃ ಮೊದಲಿನಿಂದ ಓದಿದರು.

ಬಣ್ಣ ಪರಿಶೀಲನೆ: ಎಲ್ರೊಯ್.

"ಮೂವತ್ತೆಂಟು ವರ್ಷ" ಎಂದರು ಎಲ್ರೊಯ್. "ಸಾವಿರಾರು ಪುಸ್ತಕ ನನ್ನ ಕೈ ದಾಟಿ ಹೋಯಿತು. ಒಂದರಲ್ಲೂ ನನ್ನ ಹೆಸರು ಇರಲಿಲ್ಲ."

"ಅಕ್ಷರ ಸರಿ ಉಂಟಾ ಸರ್?" ಮೈಮೂನಾ ಮೆಲ್ಲಗೆ ಕೇಳಿದರು.

ಎಲ್ರೊಯ್ ಹೌದೆಂದು ತಲೆಯಾಡಿಸಿದರು. ಹಾಳೆಯನ್ನು ಮಾತ್ರ ವಾಪಸ್ ಕೊಡಲಿಲ್ಲ.