ತಲವಾರ ಇಲ್ಲದ ಬ್ಯಾನರ್

"ನನ್ನ ಬ್ಯಾನರದಾಗ ತಲವಾರ ಎಲ್ಲಿ? ಕೈಯಾಗ ಈ ಹೂವು ಹಿಡಿಸಿದವರು ಯಾರು?"

ಅಕ್ಕಲಕೋಟದ ಬ್ಯಾನರ್ ಅಂಗಡಿಯ ಬಾಗಿಲು ದಡಾರನೆ ತೆರೆಯಿತು. ವಾಗದರಿಯ ಓಂಕಾರ ಉರಿಯುತ್ತ ನಿಂತಿದ್ದ. ಮಾಲೀಕ ಲಕ್ಷ್ಮೀಕಾಂತನ ಮುಖ ಬಿಳಿಚಿತು.

ಕಂಪ್ಯೂಟರ್ ಮುಂದಿದ್ದ ಮಂಜರಿ ಎದ್ದು ನಿಂತಳು. "ನಾನ ರೀ!"

ಅಯ್ಯೋ, ಇವನ ಕಣ್ಣುಗಳು ಫೋಟೋದಲ್ಲಿದ್ದದ್ದಕ್ಕಿಂತ ಮೆತ್ತಗಿವೆ... ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಹುಟ್ಟುಹಬ್ಬದ ಬ್ಯಾನರ್‌ಗೆ ಗಂಡಸರೆಲ್ಲ ಖಾಲಿ ಕೈ ಎತ್ತಿ ಫೋಟೋ ಕಳಿಸುತ್ತಾರೆ. ಆ ಕೈಗೆ ತಲವಾರ ಅಂಟಿಸುವುದು ಮಂಜರಿಯ ಕೆಲಸ. ಸೊಲ್ಲಾಪುರದಿಂದ ದಿನಾ ಬಸ್ಸಿಗೆ ಬಂದು, ಅಂಟಿಸಿ ಅಂಟಿಸಿ ಅವಳಿಗೆ ಸಾಕಾಗಿತ್ತು. ಓಂಕಾರನ ಫೋಟೋಗೆ ಮಾತ್ರ ಬೇರೆಯೇ ಮಾಡಿದ್ದಳು. ಅದೂ ಯಾರನ್ನೂ ಕೇಳದೆ!

ಅವಳು ಮೊಬೈಲ್ ಅವನ ಮುಂದೆ ಹಿಡಿದಳು. "ಇದು ಮ್ಯೂಸಿಯಂನಾಗಿನ ಹಳೇ ಚಿತ್ರದ ಫೋಟೋ. ಇವ ಬಾದಶಹ. ಕೈಯಾಗೇನದ ನೋಡ್ರಿ."

"ಹೂವು..."

"ಮನಿ ತುಂಬ ತಲವಾರ ಇದ್ದವ! ಆದ್ರೂ ಹೂವು ಹಿಡದಾನ. ಅಂವಗ ಯಾರನ್ನೂ ಹೆದರಸೂದು ಬೇಕಾಗಿರಲಿಲ್ಲ. ಇದರ ಬೆಳಕು, ಬಣ್ಣ, ಬೆರಳಿನ ಹಿಡಿತ ಎಲ್ಲಾ ನೋಡಿ ನಿಮ್ಮ ಫೋಟೋಕ್ಕ ತಂದೀನಿ."

"ಊರ ಅಗಸಿ ಮುಂದ ಕಟ್ಟಿದ್ದು ನೋಡಿ ದೋಸ್ತರೆಲ್ಲಾ ನಗಾಕತ್ತಾರ್ರಿ!"

"ನಗಲಿ ಬಿಡ್ರಿ!"

ಲಕ್ಷ್ಮೀಕಾಂತ ನಡುವೆ ಬಂದ. "ಏ ಮಂಜರಿ, ಮಾಫಿ ಕೇಳು. ತಲವಾರ ಹಾಕಿ ಈಗಿಂದೀಗ ಬ್ಯಾರೆ ಪ್ರಿಂಟ್ ಕೊಡು. ಇಲ್ಲಾಂದ್ರ ನಾಳಿಂದ ಬರಬ್ಯಾಡ."

"ಕೇಳದ ಮಾಡಿದ್ದು ತಪ್ಪು. ಅದಕ್ಕ ಮಾಫಿ ಇರಲಿ. ಚಿತ್ರಕ್ಕ ಮಾತ್ರ ಕೇಳಂಗಿಲ್ಲ! ತಲವಾರನೂ ಹಾಕಂಗಿಲ್ಲ."

ಅವಳು ಓಂಕಾರನತ್ತ ನೋಡಿದಳು. ಅವನು ಒಂದು ಮಾತು ಆಡಿದ್ದರೆ ಕೆಲಸ ಉಳಿಯುತ್ತಿತ್ತು. ಅವನೋ, ಆ ಚಿತ್ರವನ್ನೇ ನೋಡುತ್ತ ಬಾಯಿ ಬಿಡದೆ ನಿಂತಿದ್ದ. ಮಂಜರಿ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು.

ಬಸ್ಸಿನಲ್ಲಿ ಕಣ್ಣೀರು ತಡೆಯಲಾಗಲಿಲ್ಲ. ಅಷ್ಟೊತ್ತು ಕೂಗಿದವನಿಗೆ ನನ್ನ ಕೆಲಸ ಹೋಗುವಾಗ ಬಾಯಿ ಇರಲಿಲ್ಲವೇ...?

ಮರುದಿನ ವಾಗದರಿಯ ಗೆಳತಿ ಸುವರ್ಣಾ ಫೋನ್ ಮಾಡಿದಳು. "ಅಗಸಿ ಮುಂದಿನ ಬ್ಯಾನರ್ ಇಳಿಸ್ಯಾರ ನೋಡ."

ಹರಿದು ಹಾಕಿರಬೇಕು! ಕೆಲಸ ಹೋದದ್ದಕ್ಕಿಂತ ಇದು ಹೆಚ್ಚು ನೋವು ಕೊಟ್ಟಿತು.

ಎರಡು ದಿನ ಬಿಟ್ಟು ಉಳಿದ ಸಾಮಾನು ತರಲು ಅವಳು ಅಂಗಡಿಗೆ ಹೋದಾಗ ಓಂಕಾರ ಅಲ್ಲೇ ಇದ್ದ. ಕಂಕುಳಲ್ಲಿ ಸುತ್ತಿದ ಬ್ಯಾನರ್!

"ಹರದು ತಂದ್ರೇನು?"

"ಹೂವು ನೋಡಿ ಸಿಟ್ಟಿಲೆ ಹರಿಯಾಕ ಬಂದವರು ನಮ್ಮ ಕಾಕಾ. ಅದಕ್ಕ ನಾನ ಇಳಿಸಿ ಇಟ್ಕೊಂಡೆ." ಬಿಚ್ಚಿ ತೋರಿಸಿದ. ಬ್ಯಾನರ್‌ಗೆ ಏನೂ ಆಗಿರಲಿಲ್ಲ. "ಇದಕ್ಕಿಂತ ದೊಡ್ಡದು ಬೇಕ್ರಿ. ಇಲ್ಲೇ ಬಸ್ ಸ್ಟ್ಯಾಂಡ್ ಮುಂದ ಕಟ್ಟತೀನಿ. ಯಾರು ಏನರ ಅನ್ನಲಿ."

"ಆವತ್ತ ಯಾಕ ಸುಮ್ಮ ನಿಂತ್ರಿ?"

ಅವನು ತಲೆ ತಗ್ಗಿಸಿದ. "ಪ್ರತಿ ವರ್ಷ ತಲವಾರ ಹಿಡಸ್ತಿದ್ರು, ನಾನೂ ಹಿಡೀತಿದ್ದೆ. ಒಳಗ ನಾ ಹಿಂಗ ಮೆತ್ತಗ ಅದೀನಿ ಅಂತ ಗುರ್ತ ಹಿಡದವರು ನೀವೊಬ್ಬರ. ಬಾಯಿ ಬರಲಿಲ್ರಿ... ತಪ್ಪು ನಂದು."

"ನನಗ್ಯಾಕ ಹೇಳ್ತೀರಿ? ಅಲ್ಲಿ ಹೇಳ್ರಿ!" ಅವಳು ಮಾಲೀಕನತ್ತ, ಗಿರಾಕಿಗಳತ್ತ ಕೈ ತೋರಿಸಿದಳು.

ಓಂಕಾರ ಎಲ್ಲರಿಗೂ ಕೇಳುವಂತೆ ಹೇಳಿದ. "ಲಕ್ಷ್ಮೀಕಾಂತಣ್ಣ, ಇವರು ಮಾಡಿದ ಚಿತ್ರ ಬರೋಬ್ಬರಿ ಅದ. ಮಾಫಿ ಕೇಳಬೇಕಾದವ ನಾ. ಇವರು ಇಲ್ಲಂದ್ರ ನಮ್ಮೂರಿಂದ ಒಂದು ಆರ್ಡರೂ ಬರಂಗಿಲ್ಲ!"

ಲಕ್ಷ್ಮೀಕಾಂತ ಮೆಲ್ಲಗೆ ಮಂಜರಿಯ ಕುರ್ಚಿ ಎಳೆದುಕೊಟ್ಟ. ಅವಳು ಕುಳಿತು ಕಂಪ್ಯೂಟರ್ ಹಚ್ಚಿದಳು. ಓಂಕಾರ ಮಾತ್ರ ಅಲ್ಲಿಂದ ಕದಲಲಿಲ್ಲ.

"ಇನ್ನೇನ್ರಿ?"

"ಮಂಜರಿ... ಮುಂದಿನ ಫೋಟೋದಾಗ ನಾ ಒಬ್ಬನ ಇರಬಾರದು ಅನಸ್ತದ. ನೀವು ನನ್ನ ಮನಸ್ಸಿಗೆ ಬಂದೀರಿ."

ಅವಳು ಕುರ್ಚಿ ತಿರುಗಿಸಿ ಅವನತ್ತ ನೋಡಿದಳು. ಸೋಲಲು ಮನಸ್ಸಿತ್ತು, ಆದರೆ ಅಷ್ಟು ಸುಲಭವಾಗಿ ಅಲ್ಲ!

"ನಾ ಯಾರ ಹಿಂದನೂ ನಿಂದರಾಕಿ ಅಲ್ರಿ."

"ಬಾಜೂಕ ನಿಂದರ್ರಿ."

"ನಿಮ್ಮ ಕಾಕಾ ಬ್ಯಾಡ ಅಂದ್ರ?"

"ಅವರ ಮುಂದ ನಾ ಮಾತಾಡ್ತೀನಿ. ಈ ಸಲ ಸುಮ್ಮ ನಿಂದರಂಗಿಲ್ಲ."

ಮಂಜರಿಯ ಕಣ್ಣು ತುಂಬಿ ಬಂತು, ತುಟಿಯಲ್ಲಿ ನಗು.

"ನಮ್ಮ ಆ ಫೋಟೋದಾಗ ಏನೇನು ತಿದ್ದತೀರಿ?" ಅವನು ಮೆಲ್ಲಗೆ ಕೇಳಿದ.

"ಏನೂ ಇಲ್ಲ," ಎಂದಳು. "ಇದ್ದಂಗ ಇರಲಿ."