ಹೊಸ್ತಿಲು ದಾಟದ ಎಲ್ಡರ್

ಒಬ್ಬನೇ ಬಂದಿದ್ದ!

ಮೀನಿಗೆ ಹೊಗೆ ಕೊಡುತ್ತಾ ಒಲೆಯ ಮುಂದೆ ಕೂತಿದ್ದ ಅರಾಬಾಳ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಎಂಟು ತಿಂಗಳು ಈ ಅಂಗಳಕ್ಕೆ ಧರ್ಮ ಹೇಳಲು ಬಂದುಹೋದ ಎಲ್ಡರ್ ಲೆಬ್ಬಿಯನ್ನು ಅವಳು ಒಂದು ದಿನವೂ ಒಂಟಿಯಾಗಿ ನೋಡಿರಲಿಲ್ಲ. ಮಿಷನ್ನಿನವರು ಜೋಡಿಯಾಗಿಯೇ ತಿರುಗಬೇಕು. ಬಿಳಿ ಅಂಗಿ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ... ಇವತ್ತು ಅವೂ ಇಲ್ಲ.

ಆದರೆ ಆ ನಡಿಗೆ! ಅದನ್ನು ಮರೆಯುವುದುಂಟೇ?

ಅವತ್ತು ಮಂಗಳವಾರ. ಮೀನುಗಾರರ ಊರಾದ ಅಪಾಮ್‌ನಲ್ಲಿ ಮಂಗಳವಾರ ಕಡಲಿಗೆ ಬಿಡುವು, ಯಾರೂ ನೀರಿಗಿಳಿಯುವುದಿಲ್ಲ. ಗಂಡಸರೆಲ್ಲ ದಡದಲ್ಲಿ ಬಲೆ ಹೊಲಿಯುತ್ತಾ ಬಂದವನನ್ನು ನೋಡಿದರು. ಪಕ್ಕದ ಮನೆಯ ಎಕುವಾ ಚಿಕ್ಕಮ್ಮನಂತೂ ಬೇಲಿ ದಾಟಿಯೇ ಬಂದಳು.

"ಅಯ್ಯೋ, ನಮ್ಮ ಎಲ್ಡರ್ರು! ಎರಡು ವರ್ಷ ಆದ್ಮೇಲೆ ದಾರಿ ನೆನಪಾಯ್ತಾ? ಮಿಷನ್ ಮುಗಿದ್ಮೇಲೆ ಮೈಮೇಲೆ ಒಂಚೂರು ಮಾಂಸ ಬಂದಿದೆ ಬಿಡಿ. ಹೆಂಡ್ತಿ ಸಿಕ್ಕಿದ್ಲಾ?"

"ಇಲ್ಲ ಚಿಕ್ಕಮ್ಮ."

"ಹಂಗಾದ್ರೆ ಇಲ್ಲಿ ಯಾರದೋ ಹೊಟ್ಟೆ ತಣ್ಣಗಾಯ್ತು!" ಎಂದು ಅರಾಬಾಳ ಕಡೆ ಕಣ್ಣು ಮಿಟುಕಿಸಿ ಚಿಕ್ಕಮ್ಮ ಹೊರಟುಹೋದಳು.

ಎಲ್ಲಿ ತಣ್ಣಗಾಯಿತು? ಅರಾಬಾಳ ಒಡಲು ಉರಿಯುತ್ತಿತ್ತು. 'ಕರೆದಾಗ ಬಾರದವನು ಈಗ ಯಾಕೆ ಬಂದ?'

ಅವನು ಬೇವಿನ ಮರದ ಕೆಳಗಿನ ಹಳೇ ಬೆಂಚಿನ ಮೇಲೆ ಕೂತ. ಮೊದಲೂ ಅಲ್ಲೇ ಕೂರುತ್ತಿದ್ದದ್ದು.

"ಒಳಗೆ ಬರಲ್ಲ ಅಲ್ವಾ? ಮನೇಲಿ ಗಂಡಸರಿಲ್ಲ. ನಿಮ್ಮ ನಿಯಮ ಮುರಿದುಹೋಗುತ್ತೆ," ಎಂದು ಅವಳು ಚುಚ್ಚಿದಳು.

ಅವನು ತಲೆ ತಗ್ಗಿಸಿದ.

ಆ ಬೆಂಚಿನ ಮೇಲೆ ಎಷ್ಟು ನಗು ಇತ್ತು ಆಗ! 'ಎಲ್ಡರ್ ಅಂದ್ರೆ ಹಿರಿಯನಂತೆ! ಮೀಸೆ ಮೂಡಿಲ್ಲ, ಇವನ್ಯಾವ ಹಿರಿಯನೇ?' ಎಂದು ಅಜ್ಜಿ ರೇಗಿಸುತ್ತಿದ್ದಳು. ಸಿಯೆರಾ ಲಿಯೋನಿನ ಹುಡುಗನಿಗೆ ಇಲ್ಲಿನ ಫಾಂಟೆ ಮಾತು ಸರಿಯಾಗಿ ಬಾರದು. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅರಾಬಾಳೇ ಅಜ್ಜಿಗೆ ತಿಳಿಸಬೇಕು. ದೇವರ ಮಾತು, ಸ್ವರ್ಗದ ಮಾತು, ಅವನ ಅಮ್ಮನ ಮಾತು, ಎಲ್ಲವೂ ಅವಳ ಬಾಯಿಂದಲೇ ದಾಟಿ ಹೋಗಬೇಕು. ಹಾಗೆ ದಾಟುವಾಗ ಒಂದಷ್ಟು ಅವಳಲ್ಲೇ ಉಳಿದುಬಿಟ್ಟಿದ್ದವು.

"ನಾನು ಸೇವೆ ಮಾಡಿದ ಊರಿಗೆಲ್ಲಾ ಹೋಗ್ಬಂದೆ," ಅವನೇ ಶುರುಮಾಡಿದ. "ವಿನ್ನೆಬಾ, ಸಾಲ್ಟ್‌ಪಾಂಡ್... ಎಲ್ಲಾ ಕಡೆ ಅಪ್ಪಿಕೊಂಡು ಊಟ ಹಾಕಿದ್ರು. ಅಪಾಮ್ ಮಾತ್ರ ಕೊನೆಗೆ ಇಟ್ಕೊಂಡೆ. ಹೆದರಿಕೊಂಡಿದ್ದೆ."

"ನನಗಾ?"

"ಅಜ್ಜಿಗೆ."

ಅರಾಬಾಳ ಕೈಯಲ್ಲಿದ್ದ ಮೀನು ಹಾಗೇ ನಿಂತಿತು.

"ಅಜ್ಜಿ ತೀರಿಹೋದ ದಿನ ನೀವು ಫೋನ್ ಮಾಡಿದಾಗ ನನ್ನ ಜೊತೆಗಾರ ಮಲೇರಿಯಾ ಜ್ವರದಲ್ಲಿ ಬಡಬಡಿಸ್ತಿದ್ದ. ಅವನನ್ನ ಒಬ್ಬನೇ ಬಿಟ್ಟು ಬರೋ ಹಾಗಿರಲಿಲ್ಲ. ಎರಡು ಸಲ ಬೂಟು ಹಾಕ್ಕೊಂಡೆ... ಎರಡು ಸಲ ಬಿಚ್ಚಿಟ್ಟೆ. ಏಳೇ ನಿಮಿಷದ ದಾರಿ, ಅರಾಬಾ! ಮಾರನೇ ಬೆಳಿಗ್ಗೆ ಬೇರೆ ಊರಿಗೆ ಕಳಿಸಿಬಿಟ್ರು. ಆಮೇಲೆ ಮಿಷನ್ ಮುಗಿಸಿ ನಮ್ಮೂರಿಗೆ ಹೋಗಿ ಎಷ್ಟು ಸಲ ಫೋನ್ ಮಾಡಿದೆ, ನೀವು ಎತ್ತಲೇ ಇಲ್ಲ."

ಎತ್ತಿರಲಿಲ್ಲ, ನಿಜ. ಸಿಯೆರಾ ಲಿಯೋನಿನ ನಂಬರು ಕಂಡಾಗಲೆಲ್ಲ ಅವಳು ಫೋನನ್ನು ಬೋರಲು ಹಾಕಿಬಿಡುತ್ತಿದ್ದಳು.

ಅವನು ಕೀಲಿಕೈ ಗೊಂಚಲು ತೆಗೆದ. ಅದರಲ್ಲೊಂದು ಬೆರಳುದ್ದದ ಡಬ್ಬಿ, ಕಾಯಿಲೆಯವರ ತಲೆಗೆ ಹಚ್ಚಿ ಪ್ರಾರ್ಥಿಸುವ ಎಣ್ಣೆ. "ಇದು ಅವತ್ತಿಂದು. ಇನ್ನೂ ಮುಚ್ಚಳ ತೆಗೆದಿಲ್ಲ. ಅಜ್ಜಿ ನನ್ನ ದಾರಿ ನೋಡ್ತಾ ನೋಡ್ತಾ ಪ್ರಾಣ ಬಿಟ್ರು. ಒಂದು ಪ್ರಾರ್ಥನೆ ಕೇಳಿದ್ರು... ಅಷ್ಟನ್ನೂ ಕೊಡಲಿಲ್ಲ ನಾನು."



ಅರಾಬಾ ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟಳು. 'ಹೇಳಿದರೆ ಎದ್ದು ಹೋಗುತ್ತಾನೆ. ಹೇಳದಿದ್ದರೆ ಜೀವಮಾನವಿಡೀ ಈ ಭಾರ ಹೊರುತ್ತಾನೆ. ದೇವರೇ...'

"ಅಜ್ಜಿ ನಿಮ್ಮ ದಾರಿ ನೋಡಲಿಲ್ಲ," ಎಂದಳು ಮೆಲ್ಲಗೆ. "ನಾನು ಫೋನ್ ಮಾಡೋ ಹೊತ್ತಿಗೆ ಅಜ್ಜಿ ಹೋಗಿ ಒಂದು ಗಂಟೆ ಆಗಿತ್ತು."

"ಏನು? 'ಅಜ್ಜಿ ಕರೀತಿದ್ದಾರೆ, ಬೇಗ ಬನ್ನಿ' ಅಂತ ನೀವೇ..."

"ಸುಳ್ಳು ಹೇಳಿದೆ! ನಾನು ಕರೆದ್ರೆ ನಿಮ್ಮ ನಿಯಮ ಬಿಡುತ್ತಾ? ಅಜ್ಜಿ ಅಂದ್ರೆ ಬರ್ತೀರಿ ಅಂದ್ಕೊಂಡೆ. ಅಜ್ಜಿ ಕೈ ತಣ್ಣಗಾಗ್ತಿತ್ತು. ಆ ಹೊತ್ತಿಗೆ ನನಗೆ ಇನ್ಯಾರೂ ಬೇಕಿರಲಿಲ್ಲ. ನೀವೊಬ್ಬರೇ ಬೇಕಾಗಿತ್ತು..."

ಅವನು ಎದ್ದ. ಬೇಲಿಯವರೆಗೂ ನಡೆದ.

ಅವಳು ಕರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆದಾಳು?

ಬೇಲಿ ಹಿಡಿದು, ಬೆನ್ನು ತೋರಿಸಿಯೇ ಅವನು ನಿಂತ. "ಎರಡು ವರ್ಷ, ಅರಾಬಾ... ದಿನಾ ಪ್ರಾರ್ಥನೇಲಿ ಆ ಮುದುಕಿ ಹತ್ರ ಕ್ಷಮೆ ಕೇಳಿದೀನಿ."

"ಬೈದುಬಿಡಿ. ನನಗೆ ಅದೇ ಸರಿ."

"ಏನಂತ ಬೈಲಿ?" ಅವನು ತಿರುಗಿದ. ಕೆನ್ನೆ ತೋಯ್ದಿತ್ತು. "ತಪ್ಪು ವಿಳಾಸಕ್ಕೆ ಕ್ಷಮೆ ಕೇಳ್ಕೊಂಡು ಬಂದೆ. ಅವತ್ತು ಹೆಣದ ಪಕ್ಕ ಒಬ್ಬಳೇ ಕೂತಿದ್ದೋಳು ನೀನು... ನಾನು ಬಾರದೆ ಹೋಗಿದ್ದು ನಿನಗೆ. ಕ್ಷಮಿಸ್ತೀಯಾ?"

ಎರಡು ವರ್ಷದಿಂದ ತಡೆದಿದ್ದ ಅಳು ಅರಾಬಾಳಿಗೆ ಒಮ್ಮೆಲೇ ಉಕ್ಕಿ ಬಂತು. ಹೊಗೆ ವಾಸನೆಯ ಮೇಲುವಸ್ತ್ರದಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅವನು ಹತ್ತಿರ ಬಂದು ನಿಂತ.

"ಎಲ್ಡರ್..."

"ಈಗ ಎಲ್ಡರ್ ಅಲ್ಲ. ಪಟ್ಟಿ ತೆಗೆದಾಯ್ತು."

"ಮತ್ತೆ ಏನಂತ ಕರೀಲಿ? ಎಂಟು ತಿಂಗಳು ಮಾತಾಡಿದೀನಿ, ಲೆಬ್ಬಿ ಅನ್ನೋ ಮನೆತನದ ಹೆಸರು ಬಿಟ್ರೆ ನಿಮ್ಮ ಹೆಸರೇ ಗೊತ್ತಿಲ್ಲ!"

"ಟಾಂಬಾ."

ಅವಳು ಅದನ್ನು ಒಂದು ಸಲ ಮನಸ್ಸಿನಲ್ಲೇ ಹೇಳಿಕೊಂಡಳು. ಕಣ್ಣೊರೆಸಿಕೊಂಡು ಎದ್ದು ಬಾಗಿಲು ತೆರೆದಳು. ಒಳಗೆ ಅಜ್ಜಿಯ ಖಾಲಿ ಕುರ್ಚಿ ಕಾಣುತ್ತಿತ್ತು.

"ಮನೇಲಿ ಯಾರೂ ಇಲ್ಲ. ಆದ್ರೂ... ಒಳಗೆ ಬಾ, ಟಾಂಬಾ."

ಅವನು ಹೊಸ್ತಿಲ ಮುಂದೆ ನಿಂತ. "ಬೂಟು ಬಿಚ್ಚಲಾ?"

"ಬಿಚ್ಚು. ಬೇಗ ಹಾಕ್ಕೋಬೇಡ."