ಪಂಕಜಕ್ಕನ ಸಂಖ್ಯಾಶಾಸ್ತ್ರ

"ನಮ್ಮೆಮ್ಮೆ ಯಾವ ದಿಕ್ಕಿಗೆ ಹೋಗೈತೆ ಅಂತ ಒಸಿ ನೋಡಿ ಹೇಳವ್ವ" ಎಂದರು ಹುಚ್ಚಮ್ಮಜ್ಜಿ.

ಪಂಕಜಾಕ್ಷಿ ಜಗಲಿಯ ಮೇಲೆ ಕೂತು ತಲೆಗೂದಲು ಒಣಗಿಸಿಕೊಳ್ಳುತ್ತಿದ್ದಳು. ಬಾಚಣಿಗೆ ಅರ್ಧಕ್ಕೇ ನಿಂತಿತು.

"ನಾನಾ? ನಾನು ಹೆಂಗೆ ಹೇಳ್ಲಿ ಅಜ್ಜಿ?"

"ಹಂಗನ್ಬ್ಯಾಡ. ಶಿವಮೊಗ್ಗದ ಕಾಲೇಜಲ್ಲಿ ಶಾಸ್ತ್ರ ಹೇಳೋದು ಕಲೀತೀಯಂತೆ. ನನ್ ಮೊಮ್ಮಗಳು ಇಸ್ಕೂಲಿಂದ ಬಂದು ಹೇಳಿದ್ಲು. ನಿನ್ನೆ ಸಾಯಂಕಾಲ ಹೋದ ಎಮ್ಮೆ ಇನ್ನೂ ಬಂದಿಲ್ಲ. ಕರು ಬಾಯಿ ಮುಚ್ತಿಲ್ಲ."

ಬಾಗಿಲ ಹಿಂದೆ ನಿಂತಿದ್ದ ತಂಗಿ ತೀರ್ಥ ಮೆಲ್ಲಗೆ ಒಳಗೆ ಸರಿದಳು. ಹುಚ್ಚಮ್ಮಜ್ಜಿಯ ಮೊಮ್ಮಗಳು ಐದನೇ ಕ್ಲಾಸಿನಲ್ಲಿ ಅವಳ ಪಕ್ಕದಲ್ಲೇ ಕೂರುವವಳು.

ಹಿಂದಿನ ದಿನ ಶುಕ್ರವಾರ ಪಂಕಜಕ್ಕ ಹಾಸ್ಟೆಲಿನಿಂದ ಅಜ್ಜಂಪುರಕ್ಕೆ ಬಂದಿದ್ದಳು. ಅವಳು ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದಳು. ಗಿಡಗಳ ಪಾಠ, ಪ್ರಾಣಿಗಳ ಪಾಠ, ಕೆಮಿಸ್ಟ್ರಿ. ಬಂದವಳೇ ಚೀಲದಿಂದ ಒಂದು ಫಾರಂ ತೆಗೆದು ಅಮ್ಮನಿಗೆ ತೋರಿಸಿದಳು.

"ಸಬ್ಜೆಕ್ಟ್ ಬದಲಾಯಿಸ್ತೀನಿ ಅಮ್ಮ. ಫಿಸಿಕ್ಸ್, ಮ್ಯಾಥ್ಸ್, ಸ್ಟ್ಯಾಟಿಸ್ಟಿಕ್ಸ್. ಸೇರುವಾಗ್ಲೇ ಕೇಳಿದ್ದೆ, ಸೀಟು ಸಿಕ್ಕಿರ್ಲಿಲ್ಲ. ಈಗ ಒಂದಿಷ್ಟು ಜನ ಇಂಜಿನಿಯರಿಂಗಿಗೆ ಹೋದ್ರು. ಮತ್ತೆ ಟೆಸ್ಟ್ ಇಟ್ರು. ಸಿಕ್ಕಿದೆ. ಅಪ್ಪಾಜಿ ರುಜು ಹಾಕಿದ ಫಾರಂ ಸೋಮವಾರ ಕೊಡ್ಬೇಕು. ಕೊಡ್ಲಿಲ್ಲ ಅಂದ್ರೆ ಲಿಸ್ಟಲ್ಲಿ ನನ್ನ ಹಿಂದಿರೋರಿಗೆ ಹೋಗ್ಬಿಡುತ್ತೆ."

"ಸ್ಟ್ಯಾ... ಅದೇನಕ್ಕ?" ಎಂದು ತೀರ್ಥ ಕೇಳಿದಳು.

"ಕನ್ನಡದಲ್ಲಿ ಸಂಖ್ಯಾಶಾಸ್ತ್ರ ಅಂತಾರೆ" ಎಂದು ಪಂಕಜಕ್ಕ ಮುಖ ತೊಳೆಯಲು ಹೋದಳು.

ಆ ಮಾತನ್ನು ತೀರ್ಥ ಎಲ್ಲೋ ಓದಿದ್ದಳು. ತರೀಕೆರೆ ಬಸ್‌ಸ್ಟ್ಯಾಂಡಿನ ಎದುರಿಗೆ ಒಂದು ಬೋರ್ಡ್ ಇದೆ. 'ಜ್ಯೋತಿಷ್ಯ, ಹಸ್ತಸಾಮುದ್ರಿಕ, ಸಂಖ್ಯಾಶಾಸ್ತ್ರ' ಎಂದು ಕೆಂಪು ಅಕ್ಷರದಲ್ಲಿ ಬರೆದು, ಕೆಳಗೆ ಅಂಗೈಯ ಚಿತ್ರ ಬರೆದಿದ್ದಾರೆ. ಆ ಅಂಗಡಿಯೊಳಗೆ ಹೋಗಲು ಜನ ಸಾಲಾಗಿ ಕಾಯುತ್ತಿರುತ್ತಾರೆ. ಅಕ್ಕ ಅದನ್ನು ಕಾಲೇಜಿನಲ್ಲೇ ಕಲಿಯುತ್ತಾಳೆಂದರೆ ಇನ್ನೇನು ಬೇಕು. ಶನಿವಾರ ಬೆಳಗಿನ ಸ್ಕೂಲಿನಲ್ಲಿ ಪ್ರಾರ್ಥನೆ ಮುಗಿಯುವುದರೊಳಗೆ ಅವಳು ಸುದ್ದಿಯನ್ನು ಇಡೀ ಸಾಲಿಗೆ ಹೇಳಿಯಾಗಿತ್ತು.

ಈಗ ಜಗಲಿಯ ಮೇಲೆ ಹುಚ್ಚಮ್ಮಜ್ಜಿ ಅಲ್ಲಾಡದೆ ಕೂತಿದ್ದರು.

"ಅಜ್ಜಿ, ನಿಮ್ಮೆಮ್ಮೆ ಇದಕ್ಕೆ ಮುಂಚೆ ಹಿಂಗೆ ಹೋಗಿತ್ತಾ?" ಎಂದು ಪಂಕಜಕ್ಕ ಕೇಳಿದಳು.

"ಹೋಗದೆ ಏನು. ಅದರ ಹಣೇಬರಾನೇ ಅದು. ಐದಾರು ಸಲ ಹೋಗೈತೆ."

"ಆಗೆಲ್ಲ ಎಲ್ಲಿ ಸಿಕ್ತು?"

ಅಜ್ಜಿ ಬೆರಳು ಮಡಚಿದರು. "ಒಂದ್ಸಲ ರೈಲ್ವೆ ಸ್ಟೇಷನ್ ತಾವ. ಒಂದ್ಸಲ ಕರಿಯಪ್ಪನ ತೆಂಗಿನ ತೋಟದಾಗೆ, ಅವನ ಹತ್ರ ಬೈಸ್ಕಂಡೆ. ಮಿಕ್ಕಿದ್ದು ನಾಕು ಸಲಾನೂ ಕೆರೆ ಹಿಂದ್ಗಡೆ ಜೊಂಡಿನಾಗೇ ಇತ್ತು."

"ಹಂಗಾದ್ರೆ ಮೊದ್ಲು ಕೆರೆ ಹಿಂದೆ ನೋಡಿ. ಅಲ್ಲಿಲ್ದಿದ್ರೆ ತೋಟಕ್ಕೆ ಹೋಗಿ."

ಸಂಜೆಗೆ ಎಮ್ಮೆ ಮನೆಗೆ ಬಂತು. ಕೆರೆಯ ಹಿಂದಿನ ಜೊಂಡಿನಲ್ಲೇ ಮಲಗಿತ್ತಂತೆ. ಹುಚ್ಚಮ್ಮಜ್ಜಿ ಎಮ್ಮೆಯ ಹಗ್ಗ ಹಿಡಿದು ಪೇಟೆ ಬೀದಿಯ ಉದ್ದಕ್ಕೂ ನಿಧಾನವಾಗಿ ನಡೆದರು. ಎದುರಿಗೆ ಸಿಕ್ಕವರೆಲ್ಲರಿಗೂ ಶಿವಮೂರ್ತಪ್ಪನವರ ಮಗಳ ಬಾಯಿಂದ ಬಂದ ಮಾತು ಹೇಗೆ ನಿಜವಾಯಿತು ಎಂದು ಹೇಳಿದರು. ಬೆರಳು ಮಡಚಿ ಎಣಿಸಿದ್ದು ತಾವೇ ಎಂಬುದನ್ನು ಮಾತ್ರ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿಗೆ ಮುಂಚೆಯೇ ಹನುಮಂತಮ್ಮ ಬಂದರು. ಅವರ ಮಗಳನ್ನು ನೋಡಲು ಕಡೂರಿನಿಂದ ಗಂಡಿನ ಕಡೆಯವರು ಬಂದು ಹೋಗಿದ್ದರು. ಜೋಡಿ ಕೂಡಿಬರುತ್ತದೆಯೇ ಎಂದು ಕೇಳಲು, ಹುಡುಗನ ಹೆಸರಿನಲ್ಲಿ ಎಷ್ಟು ಅಕ್ಷರ, ಹುಡುಗಿಯ ಹೆಸರಿನಲ್ಲಿ ಎಷ್ಟು ಅಕ್ಷರ ಎಂದು ಚೀಟಿಯಲ್ಲಿ ಬರೆಸಿಕೊಂಡೇ ಬಂದಿದ್ದರು. ಅವರ ಹಿಂದೆಯೇ ಕರಿಯಪ್ಪ ಬಂದ.

"ನಂದೇನು ದೊಡ್ಡ ಕೆಲಸ ಅಲ್ಲ ಕಣವ್ವ" ಎಂದು ಅವನು ದನಿ ತಗ್ಗಿಸಿದ. "ಲಾಟರಿ ಟಿಕೀಟು ತಗಂಬೇಕು. ಕೊನೇ ಮೂರು ನಂಬರು ಹೇಳು ಸಾಕು. ಮುಂದಿಂದು ನಾನೇ ನೋಡ್ಕಂತೀನಿ."

"ನನಗೆ ಇದೆಲ್ಲ ಬರಲ್ಲ ಕರಿಯಪ್ಪಣ್ಣ."

"ಎಮ್ಮೆಗಾದ್ರೆ ಬತ್ತದೆ, ನಮಗೆ ಬರಲ್ಲ" ಎಂದು ಕರಿಯಪ್ಪ ಮುಖ ದಪ್ಪ ಮಾಡಿಕೊಂಡು ಹೋದ.

ಮಧ್ಯಾಹ್ನ ಅಪ್ಪಾಜಿ ಊಟಕ್ಕೆ ಬಂದರು. ಶಿವಮೂರ್ತಪ್ಪನವರಿಗೆ ಪೇಟೆ ಬೀದಿಯಲ್ಲಿ ಕಾಳುಕಡ್ಡಿ ಕೊಂಡು ಮಾರುವ ಅಂಗಡಿಯಿತ್ತು. ಮಾತು ಕಡಿಮೆ. ಆ ದಿನ ತಟ್ಟೆಯ ಮುಂದೆ ಕೂತು ಮುದ್ದೆ ಮುರಿಯುವ ಮೊದಲೇ ಮಾತಾಡಿದರು.

"ಆ ಫಾರಂ ಎತ್ತಿಡು ಪಂಕಜ. ರುಜು ಹಾಕಲ್ಲ."

"ಮೊನ್ನೆ ಹಾಕ್ತೀನಿ ಅಂದಿದ್ರಿ ಅಪ್ಪಾಜಿ."

"ಅಂದಿದ್ದೆ. ಈಗ ಅಂಗಡಿಗೆ ಬಂದೋರು ಕಾಳು ಕೇಳಲ್ಲ, ಬೇಳೆ ಕೇಳಲ್ಲ. ಮಗಳು ಊರಲ್ಲಿ ಎಷ್ಟು ದಿನ ಇರ್ತಾಳೆ, ಅಂಗೈ ನೋಡ್ತಾಳಾ ಅಂತಾರೆ. ಮನೆಮನೆ ಶಾಸ್ತ್ರ ಹೇಳ್ಕಂಡು ತಿರುಗೋಕೆ ನಾನು ಹಾಸ್ಟೆಲಲ್ಲಿಟ್ಟು ಓದಿಸ್ಬೇಕಾ?"

"ಇದು ಆ ಶಾಸ್ತ್ರ ಅಲ್ಲ ಅಪ್ಪಾಜಿ, ಇದು ಲೆಕ್ಕ."

"ಯಾವುದೋ ಒಂದು. ಬಾಟನೀಲಿ ಕ್ಲಾಸಿಗೇ ಫಸ್ಟ್ ಬಂದಿದ್ದೀಯ. ಕೈಗೆ ಬಂದಿದ್ದನ್ನ ಬಿಟ್ಟು ಇನ್ನೊಂದಕ್ಕೆ ಯಾಕೆ ಹಾರ್ಬೇಕು?"

ಅಮ್ಮ ಸಾರು ಬಡಿಸುತ್ತ, "ಅವಳಿಗೆ ಇಷ್ಟ ಐತಲ್ಲ" ಎಂದರು. ಅಪ್ಪಾಜಿ ಊಟ ಮುಗಿಸಿ ಕೈ ತೊಳೆದು ಅಂಗಡಿಗೆ ಹೋದರು.

ಪಂಕಜಕ್ಕ ಅಳಲಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತಳು. ತೀರ್ಥ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು, ಆಮೇಲೆ ಹತ್ತಿರ ಹೋದಳು.

"ಸ್ಕೂಲಲ್ಲಿ ಹೇಳಿದ್ದು ನೀನೇನಾ?" ಎಂದು ಪಂಕಜಕ್ಕ ಅವಳನ್ನು ನೋಡದೆಯೇ ಕೇಳಿದಳು.

"ಹೂಂ."

"ಏನಂತ ಹೇಳ್ದೆ?"

"ಮುಂದೇನಾಗುತ್ತೆ ಅಂತ ನಮ್ಮಕ್ಕಂಗೆ ಗೊತ್ತಾಗುತ್ತೆ ಅಂತ." ತೀರ್ಥ ಕಲ್ಲಿನ ಅಂಚಿಗೆ ಕೂತಳು. "ಬೋರ್ಡಲ್ಲಿ ಹಂಗೇ ಬರ್ದಿದ್ರು ಅಕ್ಕ, ತರೀಕೆರೇಲಿ."

ಪಂಕಜಕ್ಕನಿಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು.

"ಹೆಸರೊಂದೇ ಕಣೇ, ಕೆಲಸ ಬೇರೆ. ಈಗ ಜಿಲ್ಲೇಲಿ ಎಷ್ಟು ತೆಂಗಿನಮರಕ್ಕೆ ರೋಗ ಬಂದಿದೆ ಅಂತ ತಿಳ್ಕೋಬೇಕು ಅಂದ್ಕೋ. ಒಂದೊಂದು ಮರಾನೂ ಎಣಿಸೋಕಾಗುತ್ತಾ? ಅಲ್ಲಿಷ್ಟು ಇಲ್ಲಿಷ್ಟು ಮರ ನೋಡೋದು. ಅದರಿಂದ ಉಳಿದಿದ್ದು ಹೆಂಗಿರಬಹುದು ಅಂತ ಲೆಕ್ಕ ಹಾಕೋದು."

"ಲೆಕ್ಕ ತಪ್ಪಾದ್ರೆ?"

"ಎಷ್ಟು ತಪ್ಪಾಗಬಹುದು ಅಂತಾನೂ ಲೆಕ್ಕ ಹಾಕೋದು. ಅದೇ ನನಗೆ ಇಷ್ಟ ಆಗಿದ್ದು."

ನಾಲ್ಕು ಗಂಟೆಗೆ ಅಮ್ಮ ಕಾಫಿಯ ತಂಬಿಗೆ ಕೊಟ್ಟು ತೀರ್ಥಳನ್ನು ಅಂಗಡಿಗೆ ಕಳಿಸಿದರು. ದಾರಿಯುದ್ದಕ್ಕೂ ಅವಳು 'ನಾನೇ ತಪ್ಪು ಹೇಳಿದ್ದು ಅಪ್ಪಾಜಿ' ಎಂಬ ಮಾತನ್ನು ಮನಸ್ಸಿನಲ್ಲೇ ಹೇಳಿ ಹೇಳಿ ನೋಡಿಕೊಂಡಳು. ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಆ ಮಾತು ಒಳಗೇ ಉಳಿಯಿತು.

ಅಂತರಘಟ್ಟೆ ಕಡೆಯ ಲಕ್ಕಣ್ಣ ಗಾಡಿಯಲ್ಲಿ ಹತ್ತು ಚೀಲ ಹೆಸರುಕಾಳು ತಂದು ಇಳಿಸಿದ್ದ. ಅಪ್ಪಾಜಿಯ ಕೈಯಲ್ಲಿ ಚೂಪು ತುದಿಯ ಕಬ್ಬಿಣದ ಕೊಳವೆಯಿತ್ತು. ಅದನ್ನು ಒಂದು ಚೀಲದ ಹೊಟ್ಟೆಗೆ ಚುಚ್ಚಿದರು. ಒಳಗಿನ ಕಾಳು ಕೊಳವೆಯಲ್ಲಿ ಜಾರಿ ಅಂಗೈಗೆ ಬಂತು. ಎರಡು ಕಾಳು ಬಾಯಿಗೆ ಹಾಕಿ ಕಚ್ಚಿ, ಹಸಿ ಇದೆಯೇ ನೋಡಿದರು. ಮಿಕ್ಕದ್ದರಲ್ಲಿ ಹುಳು ತಿಂದದ್ದನ್ನು ಬೆರಳಿನಿಂದ ಸರಿಸಿದರು. ಆಮೇಲೆ ಸಾಲಿನ ನಡುವಿನ ಇನ್ನೊಂದು ಚೀಲ. ಆಮೇಲೆ ಕೊನೆಯಲ್ಲಿ ಇನ್ನೊಂದು.

"ಸುಮಾರಾಗೈತೆ ಲಕ್ಕಣ್ಣ. ನೂರಕ್ಕೆ ಐದು ಹುಳುಕು" ಎಂದರು.

ತೀರ್ಥ ತಂಬಿಗೆ ಹಿಡಿದೇ ನಿಂತಿದ್ದಳು. "ಅಪ್ಪಾಜಿ, ಮಿಕ್ಕಿದ್ದು ಏಳು ಚೀಲ ನೋಡೋದಿಲ್ವಾ?"

"ಯಾಕೆ? ಎಲ್ಲ ಒಂದೇ ಹೊಲದ್ದು."

"ನೋಡದೆ ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗ್ತದೆ. ಇಪ್ಪತ್ತೈದು ವರ್ಷದಿಂದ ಇದೇ ಮಾಡ್ತಿರೋದು."

"ಒಂದೊಂದ್ಸಲ ತಪ್ಪಾಗಲ್ವಾ?"

ಅಪ್ಪಾಜಿ ಯೋಚಿಸಿದರು. ಅವರು ಸುಳ್ಳು ಹೇಳುವವರಲ್ಲ. "ಆಗ್ತದೆ. ಹತ್ತು ಗಾಡಿಗೆ ಒಂದು ಗಾಡೀಲಿ ಮೋಸ ಹೋಗ್ತೀನಿ."

ಲಕ್ಕಣ್ಣ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಬೆವರು ಒರೆಸಿಕೊಳ್ಳುತ್ತ ನಕ್ಕ. "ಯಜಮಾನ್ರು ಚೀಲದೊಳಗಿಂದು ಹೊರಗಿಂದಾನೇ ಹೇಳ್ತಾರೆ ಕಣ್ ಪಾಪ. ನಿಮ್ಮಪ್ಪಾರೂ ಶಾಸ್ತ್ರ ಹೇಳೋರೇ."

ಅಪ್ಪಾಜಿ ನಗಲಿಲ್ಲ. ಆಗ ತೀರ್ಥಳ ಮಾತು ಒಂದೇ ಉಸಿರಿನಲ್ಲಿ ಹೊರಗೆ ಬಂತು.

"ಅಕ್ಕ ಓದೋದು ಇದನ್ನೇ ಅಪ್ಪಾಜಿ. ಸ್ವಲ್ಪ ನೋಡಿ ಉಳಿದಿದ್ದಕ್ಕೆ ಲೆಕ್ಕ ಹಾಕೋದು. ತಪ್ಪು ಎಷ್ಟು ಆಗ್ಬೋದು ಅಂತಾನೂ ಹಾಕೋದು. ಅಂಗೈ ನೋಡೋದು ಅಂತ ನಾನೇ ಸ್ಕೂಲಲ್ಲಿ ಹೇಳ್ಬಿಟ್ಟೆ. ಅಕ್ಕ ಹೇಳಿರ್ಲಿಲ್ಲ. ನಂದೇ ತಪ್ಪು."

ಅಪ್ಪಾಜಿ ಬೈಯುತ್ತಾರೆ ಎಂದು ಅವಳು ಕಾದಳು. ಅವರು ಅಂಗೈಯಲ್ಲಿದ್ದ ಕಾಳನ್ನು ಚೀಲಕ್ಕೆ ಹಾಕಿ, ಕೈ ಕೊಡವಿ, ತಂಬಿಗೆ ತೆಗೆದುಕೊಂಡರು.

"ಕಾಫಿ ಆರೋಗೈತೆ" ಎಂದರು. ಅಷ್ಟೇ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರು ಮನೆಗೆ ಬಂದರು. ಪಂಕಜಕ್ಕ ನಡುಮನೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಅಪ್ಪಾಜಿ ಎದುರಿಗೆ ಬಂದು ಕೂತರು.

"ಒಂದು ಕೇಳ್ತೀನಿ ಹೇಳು. ಹತ್ತು ಚೀಲದಾಗೆ ಮೂರು ಚುಚ್ಚಿ ನೋಡ್ತೀನಿ. ಒಂದೊಂದ್ಸಲ ಮೋಸ ಹೋಗ್ತೀನಿ. ಮೂರರ ಬದಲು ಐದು ಚುಚ್ಚಿದ್ರೆ ಮೋಸ ಎಷ್ಟು ಕಮ್ಮಿ ಆಗ್ತದೆ?"

ಪಂಕಜಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಮುಗಿಸಿ, ಇನ್ನೊಂದನ್ನು ತೆಗೆದುಕೊಂಡಳು. ಏನಾದರೂ ಹೇಳಿಬಿಡಬಾರದೇ ಎಂದು ತೀರ್ಥಳಿಗೆ ಅನಿಸಿತು. ಹೇಳಿದರೆ ಅಪ್ಪಾಜಿ ಒಪ್ಪುತ್ತಿದ್ದರೇನೋ.

"ಗೊತ್ತಿಲ್ಲ ಅಪ್ಪಾಜಿ" ಎಂದಳು ಪಂಕಜಕ್ಕ. "ಕಮ್ಮಿ ಆಗುತ್ತೆ. ಎಷ್ಟು ಅಂತ ಹೇಳೋಕೆ ನನಗಿನ್ನೂ ಬರಲ್ಲ. ಕಲಿತ್ರೆ ಹೇಳ್ತೀನಿ."

ಅಪ್ಪಾಜಿ ಮಗಳ ಮುಖವನ್ನೇ ನೋಡಿದರು. "ಬಾಟನೀಲಿ ಕೇಳಿದ್ರೆ ಥಟ್ಟಂತ ಹೇಳ್ತಿದ್ದೆ."

"ಹೂಂ. ಅದು ಬರುತ್ತೆ."

ಅವರು ಜೇಬಿನಿಂದ ಪೆನ್ನು ತೆಗೆದರು. "ಎಲ್ಲಿ ಹಾಕ್ಬೇಕು ತೋರ್ಸು. ಕನ್ನಡದಾಗೆ ಹಾಕಿದ್ರೆ ನಡೀತದೆ ತಾನೆ?"

ಸೋಮವಾರ ಬೆಳಿಗ್ಗೆ ಏಳರ ತರೀಕೆರೆ ಬಸ್ಸಿಗೆ ತೀರ್ಥ ಅಕ್ಕನ ಜೊತೆ ಹೋದಳು. ಬುತ್ತಿಯ ಗಂಟು ಅವಳ ಕೈಯಲ್ಲಿತ್ತು. ಬಸ್ಸು ಇನ್ನೂ ಬಂದಿರಲಿಲ್ಲ.

"ಅಕ್ಕ, ಅಲ್ಲೂ ನೀನೇ ಫಸ್ಟ್ ಬರ್ತೀಯಲ್ವಾ?"

"ಇಲ್ಲ ಕಣೇ. ನೂರಾ ಹತ್ತು ಜನ ಟೆಸ್ಟ್ ಬರ್ದಿದ್ವಿ. ಇಪ್ಪತ್ತು ಜನಾನ ತಗೊಂಡ್ರು. ನಾನು ಹತ್ತೊಂಬತ್ತನೆಯವಳು. ಅವರೆಲ್ಲ ನನಗಿಂತ ಜಾಣರು."

"ಫೇಲಾಗ್ಬಿಟ್ರೆ?"

"ಆಗ್ಬೋದು."

ಸಾರಿಗೆ ಉಪ್ಪು ಕಡಿಮೆಯಾಗಿರಬಹುದು ಎನ್ನುವಷ್ಟು ಸಲೀಸಾಗಿ ಅವಳು ಹೇಳಿದಳು. ತೀರ್ಥ ಬುತ್ತಿಯ ಗಂಟನ್ನು ಇನ್ನೊಂದು ಕೈಗೆ ಬದಲಾಯಿಸಿದಳು. ಒಂದನೇ ಕ್ಲಾಸಿನಿಂದ ಅಕ್ಕ ಯಾವತ್ತೂ ಫಸ್ಟ್ ಬಿಟ್ಟು ಬೇರೆ ಬಂದವಳಲ್ಲ. ಫಸ್ಟ್ ಬರುವುದೇ ಅಕ್ಕನಿಗೆ ಇಷ್ಟ ಎಂದು ಅವಳು ಇದುವರೆಗೆ ತಿಳಿದಿದ್ದಳು.

ಬಸ್ಸು ಬಂತು. ಪಂಕಜಕ್ಕನಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬುತ್ತಿ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಚೀಲದಿಂದ ಯಾರದೋ ನೋಟ್‌ಬುಕ್ ತೆಗೆದಳು. ಎರಡು ತಿಂಗಳ ಪಾಠ ತಪ್ಪಿಹೋಗಿದೆ, ಕೇಳಿ ತಂದಿದ್ದೇನೆ ಎಂದು ರಾತ್ರಿ ಅಮ್ಮನಿಗೆ ಹೇಳಿದ್ದಳು. ಕಂಡಕ್ಟರ್ ಸೀಟಿ ಊದುವ ಮೊದಲೇ ಅವಳು ಅದನ್ನು ಬಿಚ್ಚಿ ಬೆರಳಿಟ್ಟು ಓದತೊಡಗಿದಳು. ಒಂದು ಸಾಲಿಗೆ ಹುಬ್ಬು ಗಂಟಾಯಿತು. ಅದನ್ನೇ ಮತ್ತೆ ಓದಿದಳು. ತುಟಿ ಅಲ್ಲಾಡುತ್ತಿತ್ತು.

ಬಸ್ಸು ಹೊರಟಿತು. ತೀರ್ಥ ಕೈ ಎತ್ತಿದ್ದಳು. ಪಂಕಜಕ್ಕ ತಲೆ ಎತ್ತಲಿಲ್ಲ. ಅಕ್ಕನ ಆ ಮುಖವನ್ನು ತೀರ್ಥ ಮೊದಲು ನೋಡಿರಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತು, ಆಮೇಲೆ ಕೈ ಇಳಿಸಿದಳು.

ಮನೆಯಲ್ಲಿ ಅಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರು.

"ಸೀಟು ಸಿಕ್ತಾ?"

"ಸಿಕ್ತು. ಕಿಟಕಿ ಹತ್ರ."

"ಹೋಗುವಾಗ ಕೈ ಬೀಸಿದ್ಲಾ?"

ತೀರ್ಥ ಸ್ಕೂಲಿನ ಚೀಲ ಹುಡುಕುತ್ತ, "ಹೂಂ ಅಮ್ಮ, ಕಾಣೋವರೆಗೂ ಬೀಸ್ತಿದ್ಲು" ಎಂದಳು.